ಮಾಣಿಗೆ ಹೆಸರಿಡುವ ಮಂಡೆಬಿಸಿ

ನನ್ನ ಹೆಸರು ದಿವ್ಯಾ. ಹೈಸ್ಕೂಲಿನಲ್ಲಿ ನಮ್ಮ ಕ್ಲಾಸಿನಲ್ಲಿ ನಾಲ್ಕು ಜನ ದಿವ್ಯಾ ಇದ್ದೆವು. ಒಬ್ಬಳು ಉದ್ದ ದಿವ್ಯಾ, ಒಬ್ಬಳು ಪೆರ್ಲದ ದಿವ್ಯಾ, ಒಬ್ಬಳು ಬರೀ ದಿವ್ಯಾ (ಕ್ಲಾಸಿಗೆ ಫಸ್ಟ್ ಬರುತ್ತಿದ್ದಳು, ಹಾಗಾಗಿ ಹೆಸರು ಅವಳದ್ದೇ), ನಾನು ಕನ್ನಡಕದ ದಿವ್ಯಾ. ಹತ್ತನೇ ಕ್ಲಾಸಿನಲ್ಲಿ ಪ್ರಬಂಧಕ್ಕೆ ನನಗೆ ಬಂದ ಬಹುಮಾನವನ್ನು ಸ್ಟೇಜಿಗೆ ಹೋಗಿ ತಗೊಂಡದ್ದು ಬರೀ ದಿವ್ಯಾ. ಅವಳದ್ದೇನೂ ತಪ್ಪಿಲ್ಲ. ಮೈಕಿನಲ್ಲಿ ದಿವ್ಯಾ ಅಂದರು, ಅವಳು ಹೋದಳು. ಸ್ಟೀಲಿನ ತಟ್ಟೆ. ಆಮೇಲೆ ತಂದುಕೊಟ್ಟಳು ಅನ್ನಿ, ಚಪ್ಪಾಳೆಯನ್ನು ಎಲ್ಲಿಂದ ತರುವುದು?

ನನ್ನ ಗಂಡನ ಹೆಸರು ಸುಬ್ರಾಯ. ಅವರ ಕಾಲೇಜಿನಲ್ಲಿ ಇನ್ನೊಬ್ಬ ಸುಬ್ರಾಯ ಇರಲಿಲ್ಲ. ಆದರೆ ಅವರ ಒಂದು ಕಾರ್ಡಿನಲ್ಲಿ ಸುಬ್ರಾಯ, ಇನ್ನೊಂದರಲ್ಲಿ ಸುಬ್ರಾಯನ್, ಮತ್ತೊಂದರಲ್ಲಿ ಯಾರೋ ಪುಣ್ಯಾತ್ಮರು ತಾವೇ ಅರ್ಥ ಮಾಡಿಕೊಂಡು ಸುಬ್ರಹ್ಮಣ್ಯನ್ ಅಂತ ಬರೆದಿದ್ದಾರೆ. ಪಾಸ್‌ಪೋರ್ಟಿಗೆ ಹೋದಾಗ ಈ ಮೂರು ಜನರೂ ಒಬ್ಬನೇ ಅಂತ ಸಾಬೀತು ಮಾಡಬೇಕಾಯಿತು. ನಮ್ಮ ಕಾಸರಗೋಡು ಇರುವುದು ಕೇರಳದಲ್ಲಿ, ಇಲ್ಲಿ ಅದಕ್ಕೆಂದೇ ವಿಲೇಜ್ ಆಫೀಸಿನಿಂದ ‘ಒನ್ ಆಂಡ್ ಸೇಮ್ ಸರ್ಟಿಫಿಕೇಟ್’ ಅಂತ ಒಂದು ಸಿಗುತ್ತದೆ. ಕಾಸರಗೋಡಿನ ಕನ್ನಡದವರ ಮನೆಗಳಲ್ಲಿ ಕಪಾಟು ತೆರೆದು ನೋಡಿ, ಎಷ್ಟು ಕಡೆ ಇದರ ಒಂದು ಪ್ರತಿ ಸಿಗುತ್ತದೆ ಅಂತ.

ಈಗ ವಿಷಯಕ್ಕೆ ಬರುತ್ತೇನೆ. ನಮಗೆ ಮಗ (ನಮ್ಮ ಕಡೆ ಮಾಣಿ ಅನ್ನುತ್ತೇವೆ) ಹುಟ್ಟಿ ನಾಲ್ಕು ತಿಂಗಳಾಯಿತು. ಹೆಸರಿನ ಮಟ್ಟಿಗೆ ನಮ್ಮ ಮನೆಯಲ್ಲಿ ಎರಡು ಪಕ್ಷ. ಕಾಮನ್ ಹೆಸರಿನಿಂದ ನೊಂದ ನನಗೆ ಅಪರೂಪದ ಹೆಸರು ಬೇಕು. ಅಪರೂಪದ ಹೆಸರಿನಿಂದ ನೊಂದ ಅವರಿಗೆ ಎಲ್ಲರಿಗೂ ಇರುವಂಥ, ಯಾರೂ ಎರಡನೇ ಸಲ ಕೇಳದಂಥ ಹೆಸರು ಬೇಕು. ಆರವ್ ಇಡೋಣ ಅಂದರು. ಅಂಗನವಾಡಿಯ ಹೊರಗೆ ನಿಂತು ಆರವ್ ಅಂತ ಕರೆದರೆ ನಾಲ್ಕು ಆರವ್ ಓಡಿ ಬರುತ್ತಾರೆ ಅಂದೆ. ಬೆಂಗಳೂರಿನಿಂದ ನಾದಿನಿ ಫೋನ್ ಮಾಡಿ, ಅದ್ವಿಕ್ ಇಡಿ ಅತ್ತಿಗೆ, ಯುನೀಕ್ ಅಂತಲೇ ಅದರ ಅರ್ಥವಂತೆ ಅಂದಳು. ಅವಳದ್ದೇ ಮಗಳ ಹೆಸರು ಅನನ್ಯ. ಅನನ್ಯ ಅಂದರೆ ಬೇರೊಬ್ಬರಿಲ್ಲದವಳು. ಆ ಮಗುವಿನ ಕ್ಲಾಸಿನಲ್ಲಿ ಮೂವರು ಅನನ್ಯ ಇದ್ದಾರೆ. ನಾನು ಏನೂ ಹೇಳಲಿಲ್ಲ.

ನನಗೆ ಅನಿಸುವುದು ಇಷ್ಟು. ಮೊಬೈಲಿನಲ್ಲಿ ಹುಡುಕಿ ಇಡುವ ಅಪರೂಪದ ಹೆಸರು ಅಪರೂಪ ಆಗಲು ಸಾಧ್ಯವೇ ಇಲ್ಲ, ಯಾಕೆಂದರೆ ನಾವು ಹುಡುಕುವ ರಾತ್ರಿಯೇ ಇನ್ನೂ ಸಾವಿರ ಜನ ಅದೇ ಪಟ್ಟಿಯನ್ನು ಮೇಲಿನಿಂದ ಕೆಳಗೆ ಜಾರಿಸುತ್ತಾ ಕೂತಿರುತ್ತಾರೆ. ನಿಜವಾಗಿ ಅಪರೂಪ ಆಗಿರುವುದು ಜಗಲಿಯಲ್ಲಿ ಕೂತ ಅಜ್ಜಂದಿರ ಹೆಸರು. ಅರುವತ್ತು ದಾಟಿದವರಲ್ಲಿ ಊರು ತುಂಬ ಈಶ್ವರ, ಮಹಾಲಿಂಗ, ಕೇಶವ, ಸುಬ್ರಾಯ. ಆರು ವರ್ಷದ ಒಳಗಿನವರಲ್ಲಿ ಒಬ್ಬನನ್ನು ತೋರಿಸಿ ನೋಡುವ.

ಇದು ನಮ್ಮ ಹವ್ಯಕರ ಮನೆಯ ಕಥೆ ಮಾತ್ರ ಅಲ್ಲ. ತುಳು ಮಾತಾಡುವ ಮನೆಗಳಲ್ಲಿ ಮೊದಲು ಹುಟ್ಟಿದ ವಾರದ್ದೇ ಹೆಸರು ಇಡುತ್ತಿದ್ದರು. ಭಾನುವಾರ ಹುಟ್ಟಿದವನು ಐತಪ್ಪ, ಮಂಗಳವಾರ ಅಂಗಾರ, ಶುಕ್ರವಾರ ತುಕ್ರ, ಶನಿವಾರ ತನಿಯ. ಈಗ ಅವರ ಮೊಮ್ಮಕ್ಕಳಿಗೆ ಆ ಹೆಸರು ಅಂದರೆ ನಾಚಿಕೆ. ಆ ನಾಚಿಕೆ ಅವರಾಗಿಯೇ ಕಲಿತದ್ದಲ್ಲ, ಆ ಹೆಸರುಗಳನ್ನು ಕರೆಯುವ ದನಿಯಲ್ಲಿ ನಮ್ಮಂಥವರೇ ಕಲಿಸಿದ್ದು. ಆದರೆ ಒಂದು ತಮಾಷೆ ನೋಡಿ. ಐತಪ್ಪನ ಮೊಮ್ಮಗನಿಗೆ ಆದಿತ್ಯ ಅಂತ ಇಡುತ್ತಾರೆ. ಐತಾರ ಅಂದರೆ ಆದಿತ್ಯವಾರ. ಅಜ್ಜನ ಹೆಸರೂ ಅದೇ ಸೂರ್ಯ, ಮೊಮ್ಮಗನದ್ದೂ ಅದೇ ಸೂರ್ಯ!

ಹನ್ನೆರಡನೇ ದಿನ ಶಾಸ್ತ್ರಕ್ಕೆ ಮಾವನ ಹೆಸರನ್ನೇ ಇಟ್ಟೆವು, ಈಶ್ವರ. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು, ಅದರಲ್ಲಿ ಚರ್ಚೆ ಇಲ್ಲ. ಹರಿವಾಣದಲ್ಲಿ ಬೆಳ್ತಿಗೆ ಅಕ್ಕಿ ಹರಡಿ ಇವರು ಉಂಗುರದಲ್ಲಿ ಬರೆದರು. ‘ಈ’ ಬರೆಯುವಷ್ಟರಲ್ಲಿ ಅರ್ಧ ಹರಿವಾಣ ಮುಗಿದಿತ್ತು. ‘ಶ್ವ’ದ ಕೆಳಗೆ ವತ್ತು ಎಳೆಯಲು ಜಾಗ ಸಾಲದೆ ಅಕ್ಕಿ ಜಾರಿ ಮುಚ್ಚಿಕೊಂಡಿತು. ಭಟ್ಟರು ಪರವಾಗಿಲ್ಲ ಅಂದರೂ ಇವರು ಕೇಳಲಿಲ್ಲ, ಕೈಯಲ್ಲಿ ಸಮ ಮಾಡಿ ಮತ್ತೆ ಮೊದಲಿನಿಂದ ಬರೆದರು. ಎರಡು ಸಲ ಹೆಸರು ತಪ್ಪಿದ ಮನುಷ್ಯ, ಮಗನ ವತ್ತು ಬಿಡುತ್ತಾರಾ?

ಶಾಸ್ತ್ರದ ಹೆಸರು ಬೇರೆ, ರೆಕಾರ್ಡಿನ ಹೆಸರು ಬೇರೆ ಇಡುವುದು ಈಗ ಮಾಮೂಲು. ಹಾಗಾಗಿ ಚರ್ಚೆ ಹನ್ನೆರಡನೇ ದಿನಕ್ಕೆ ಮುಗಿಯಲಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮಗು ಹುಟ್ಟಿದ್ದನ್ನು 21 ದಿನದೊಳಗೆ ತಿಳಿಸಬೇಕು, ಹೆಸರನ್ನು ಮಾತ್ರ ಒಂದು ವರ್ಷದೊಳಗೆ ಫೀಸಿಲ್ಲದೆ ಸೇರಿಸಬಹುದು. ಆ ಒಂದು ವರ್ಷ ಕೊಟ್ಟದ್ದು ಗಂಡ ಹೆಂಡತಿ ಜಗಳ ಮುಗಿಸಿಕೊಳ್ಳಲಿ ಅಂತ ಇರಬೇಕು. ಜೊತೆಗೆ 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಈ ಜನನ ಸರ್ಟಿಫಿಕೇಟೇ ಆಧಾರ. ಇಲ್ಲಿ ಒಂದು ಅಕ್ಷರ ಜಾಸ್ತಿ ಆದರೆ ಅದು ಬೆನ್ನು ಬಿಡುವುದಿಲ್ಲ.

ಸರ್ಟಿಫಿಕೇಟಿನ ಭಾಷೆ ಹೆರಿಗೆ ಎಲ್ಲಿ ಆಯಿತು ಅನ್ನುವುದರ ಮೇಲೆ. ಗಡಿಯ ತಲಪಾಡಿ ದಾಟಿ ಮಂಗಳೂರಿನಲ್ಲಿ ಹೆತ್ತರೆ ಕನ್ನಡ ಮತ್ತು ಇಂಗ್ಲಿಷು, ಕಾಸರಗೋಡಿನಲ್ಲಿ ಹೆತ್ತರೆ ಮಲಯಾಳ ಮತ್ತು ಇಂಗ್ಲಿಷು. ನನ್ನ ಅಕ್ಕನದ್ದು ಮಂಗಳೂರು, ನನ್ನದು ಕಾಸರಗೋಡು. ಅಕ್ಕಿಯಲ್ಲಿ ಕನ್ನಡ, ಕಾಗದದಲ್ಲಿ ಮಲಯಾಳ. ಕಾಗದಕ್ಕೆ ಹೋಗುವಾಗ ಗಂಡಸಿನ ಹೆಸರಿಗೆ ಒಂದು ‘ನ್’ ಅಂಟಿಕೊಳ್ಳುತ್ತದೆ, ಊರಿಗಾದರೆ ‘ಮ್’. ಕೃಷ್ಣ ಕೃಷ್ಣನ್ ಆಗುತ್ತಾನೆ, ಮಂಜೇಶ್ವರ ಮಂಜೇಶ್ವರಂ. ಬೇಕೆಂತಲೇ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಅವರ ಭಾಷೆ ಇರುವುದೇ ಹಾಗೆ. ನಾವೂ ಪಕ್ಕದ ಮನೆಯ ನಾರಾಯಣನ್ ಅನ್ನು ನಾರಾಯಣಣ್ಣ ಅಂತಲೇ ಕರೆಯುವುದಲ್ವಾ. ಆದರೆ ಬಾಯಲ್ಲಿ ಕರೆಯುವುದು ಬೇರೆ, ಸೀಲು ಹೊಡೆದು ಕೊಡುವುದು ಬೇರೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇಲ್ಲಿ ಎಷ್ಟು ಈಶ್ವರರು ಈಶ್ವರನ್ ಆದರೋ.

ಗಂಡನ ಪಕ್ಷದ ಬಲವಾದ ವಾದ ಇದೇ ಆಗಿತ್ತು, ಒಪ್ಪಬೇಕಾದ್ದೇ. ಆರವ್, ವಿಹಾನ್ ಇಂಥ ಹೆಸರುಗಳಿಗೆ ಬಾಲ ಅಂಟುವುದಿಲ್ಲ. ಅರ್ಧ ಅಕ್ಷರದಲ್ಲಿ ನಿಲ್ಲುತ್ತವೆ, ಹಾಗೇ ಉಳಿಯುತ್ತವೆ. ನಾನು ಎರಡು ದಿನ ಸುಮ್ಮನಾದೆ.

ಆಮೇಲೆ ನೆನಪಾದದ್ದು ಕಿಞ್ಞಣ್ಣ. ನಮ್ಮ ಬದಿಯಡ್ಕದ ಹತ್ತಿರವೇ ಇದ್ದ, ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡ ಕವಿ ಕಯ್ಯಾರ ಕಿಞ್ಞಣ್ಣ ರೈಗಳು. ಕನ್ನಡ ವರ್ಣಮಾಲೆಯಲ್ಲಿ ‘ಞ’ ಅಂತ ಒಂದು ಅಕ್ಷರ ಇದೆ, ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಮತ್ತೆ ಜೀವಮಾನದಲ್ಲಿ ಬರೆಯದ ಅಕ್ಷರ. ಅದಕ್ಕೆ ಕೆಲಸ ಕೊಟ್ಟ ಹೆಸರು ಅದು. ಬೆಂಗಳೂರಿನವರಿಗೆ ಓದಲು ಕೊಡಿ, ಕಿನ್ಹಣ್ಣ ಅನ್ನುತ್ತಾರೆ, ಕಿಜ್ಞಣ್ಣ ಅನ್ನುತ್ತಾರೆ. ಮಲಯಾಳದವರಿಗೆ ಕೊಡಿ, ಒಂದೇ ಸಲಕ್ಕೆ ಸರಿಯಾಗಿ ಹೇಳುತ್ತಾರೆ, ಅವರಿಗೆ ಞ ದಿನನಿತ್ಯದ ಅನ್ನ. ಕನ್ನಡಕ್ಕಾಗಿ ಅಷ್ಟು ಹೋರಾಡಿದವರ ಹೆಸರು ಗಡಿಯ ಆಚೆಗಿಂತ ಈಚೆಯೇ ಸರಿಯಾಗಿ ಉಳಿದಿದೆ! ಹಾಗಿದ್ದರೂ ಅವರೇನು ಹೆಸರು ಬದಲಿಸಿಕೊಳ್ಳಲಿಲ್ಲ, ಮೊಬೈಲಿನಲ್ಲಿ ಬರೆಯಲು ಕಷ್ಟ ಅಂತ ನಾವೂ ಅವರನ್ನು ಬೇರೆ ಹೆಸರಿನಿಂದ ಕರೆಯಲಿಲ್ಲ.

(ಹಾಗೆ ನೋಡಿದರೆ ಈ ಜಿಲ್ಲೆಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಎಲ್ಲರೂ ಒಂದೇ ಥರ ಕರೆದ, ಇನಿಶಿಯಲ್ ಬೇಕಾಗದ ಹೆಸರು ಒಂದೇ: ಅನಂತಪುರ ಕೆರೆಯ ಮೊಸಳೆ ಬಬಿಯಾ. 2022ರಲ್ಲಿ ಅದೂ ಹೋಯಿತು.)

ಕೊನೆಗೆ ಈಶ್ವರ ಎಂದೇ ಆಯಿತು, ಬಾಲ ಇಲ್ಲದೆ. ತೊಂದರೆ ಇಲ್ಲ ಅಂತಲ್ಲ. ನಮ್ಮಲ್ಲಿ ಸೊಸೆ ಮಾವನ ಹೆಸರು ಹೇಳುವ ಕ್ರಮ ಇಲ್ಲ. ಅತ್ತೆಯಂತೂ ಗಂಡನ ಹೆಸರನ್ನು ಐವತ್ತು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ, ಅವರಿಗೆ ಮೊಮ್ಮಗ ಬರೀ ಮಾಣಿ. ನಾನು ಮೊನ್ನೆ ಧೈರ್ಯ ಮಾಡಿ, ಏ ಈಶ್ವರ, ಅದನ್ನು ಬಾಯಿಗೆ ಹಾಕಬೇಡ ಅಂದೆ. ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಮಾವ ತಿರುಗಿ ನೋಡಿದರು.

ನಿನ್ನೆ ಹೆಸರು ಸೇರಿಸಲು ಅಕ್ಷಯ ಕೇಂದ್ರಕ್ಕೆ (ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಸಿಕೊಡುವ ಜಾಗ) ಹೋದೆ. ನಾನು ಬೇಕೆಂದೇ ಸ್ಕ್ರೀನು ಕಾಣುವ ಕಡೆ ಕುರ್ಚಿ ಎಳೆದು ಕೂತೆ. ಹುಡುಗ ಒಳ್ಳೆಯವನು, ನೀಲೇಶ್ವರದ ಕಡೆಯವನಂತೆ. ಹೆಸರು ಕೇಳಿದ, ಹೇಳಿದೆ, ಟಕಟಕ ಅಂತ ಈಶ್ವರನ್ ಎಂದು ಹೊಡೆದ. ‘ನ್’ ಬೇಡ ಅಂದೆ. ‘ಚೇಚೀ, ನ್ ವೇಂಡೇ?’ ಅಂತ ಮತ್ತೊಮ್ಮೆ ಕೇಳಿದ. ವೇಂಡ ಅಂದೆ. ಮಲಯಾಳದಲ್ಲಿ ಆ ‘ನ್’ ಒಂದೇ ಅಕ್ಷರ. ಒಂದು ಸಲ ಅಳಿಸುವ ಕೀ ಒತ್ತಿದ, ಹೋಯಿತು. ಇಷ್ಟೇನಾ ಅನಿಸಿತು ನನಗೆ.

ಆಮೇಲೆ ಅವನು ಇಂಗ್ಲಿಷಿನಲ್ಲಿ ಹೇಗೆ, ಐ ಇಂದ ಶುರುವಾ, ಇ ಇಂದಲಾ, ಇ ಒಂದಾ ಎರಡಾ ಅಂತ ಕೇಳಿದ. ನಾಲ್ಕು ತಿಂಗಳ ಚರ್ಚೆಯಲ್ಲಿ ಅದೊಂದನ್ನು ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ. ಇವರಿಗೆ ಫೋನ್ ಮಾಡಿದೆ. ತೋಟದಲ್ಲಿದ್ದರು, ಎತ್ತಲಿಲ್ಲ. ಹಿಂದೆ ಲೈನಿನಲ್ಲಿ ಆರು ಜನ ಇದ್ದರು.