ಸಿಗ್ನಿಫಿಕೆಂಟ್ ಅಂದ ಮಾತ್ರಕ್ಕೆ ದೊಡ್ಡದಲ್ಲ

ಹೊಸ ಔಷಧಿಯಿಂದ ರಕ್ತದೊತ್ತಡದಲ್ಲಿ ‘ಗಮನಾರ್ಹ’ ಇಳಿಕೆ ಅಂತ ಸುದ್ದಿ ಬರುತ್ತದೆ. ಓದಿದವರು ಏನೋ ಭಾರೀ ಗುಣ ಕಂಡಿದೆ ಅಂದುಕೊಳ್ಳುತ್ತಾರೆ. ಸಹಜ ಅಲ್ವಾ? ಆದರೆ ಮೂಲ ವರದಿಯಲ್ಲಿರುವುದು ‘ಸಿಗ್ನಿಫಿಕೆಂಟ್’ ಅನ್ನೋ ಪದ. ಅಲ್ಲಿ ಅದು ಹೇಳುವುದೇ ಬೇರೆ.

ಈ ಪದದ ಬೇರು ಲ್ಯಾಟಿನ್‌ನಲ್ಲಿದೆ. ‘ಸಿಗ್ನಮ್’ ಅಂದರೆ ಗುರುತು, ‘ಫಾಕೆರೆ’ ಅಂದರೆ ಮಾಡು. ಗುರುತು ಕೊಡು, ಸೂಚಿಸು ಅಂತ ಅರ್ಥ. ಸಿಗ್ನಲ್, ಸಿಗ್ನೇಚರ್ ಎಲ್ಲ ಅದೇ ಮನೆತನದವು. ಇಂಗ್ಲಿಷಿನಲ್ಲೂ ಮೊದಲು ‘ಏನನ್ನೋ ಸೂಚಿಸುವ’ ಅಂತಲೇ ಇತ್ತು. ‘ಮುಖ್ಯವಾದ’ ಅನ್ನೋದು ಆಮೇಲೆ ಬಂದು ಸೇರಿಕೊಂಡಿತು.

ಸಂಖ್ಯಾಶಾಸ್ತ್ರದವರು ಹಿಡಿದದ್ದು ಹಳೇ ಅರ್ಥವನ್ನು. ಪ್ರಯೋಗದಲ್ಲಿ ಕಂಡ ವ್ಯತ್ಯಾಸ ಸುಮ್ನೆ ಆಕಸ್ಮಿಕವೋ, ಅಥವಾ ಏನಾದರೂ ಸೂಚಿಸುತ್ತಿದೆಯೋ? ಅಷ್ಟೇ ಪ್ರಶ್ನೆ. 1925ರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಇದಕ್ಕೆ 20ಕ್ಕೆ 1 ಅನ್ನೋ ಗಡಿ ಅನುಕೂಲ ಅಂತ ಬರೆದರು. ಅಂದರೆ ಔಷಧಿಯಿಂದ ಏನೂ ಆಗದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ 20ಕ್ಕೆ 1ಕ್ಕಿಂತ ಕಡಿಮೆಯಿದ್ದರೆ ಅದು ಸಿಗ್ನಿಫಿಕೆಂಟ್. ಅದೇ ಇವತ್ತಿನ 0.05. ಅನುಕೂಲಕ್ಕೆ ಎಳೆದ ಗೆರೆ ಶಿಲಾಶಾಸನವಾಗಿ ಕೂತುಬಿಟ್ಟಿತು.

ಇದರಿಂದ ಏನಾಗುತ್ತದೆ ನೋಡಿ. 10,000 ಜನಕ್ಕೆ ಔಷಧಿ, ಇನ್ನು 10,000 ಜನಕ್ಕೆ ಬರೀ ಸಕ್ಕರೆ ಗುಳಿಗೆ ಕೊಟ್ಟರು ಅಂತಿಟ್ಟುಕೊಳ್ಳಿ. ಎರಡು ಗುಂಪಿನ ಸರಾಸರಿಗೂ ವ್ಯತ್ಯಾಸ ಒಂದೇ ಒಂದು ಮಿಲಿಮೀಟರ್ (ರಕ್ತದೊತ್ತಡ ಅಳೆಯುವುದು ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ). 150 ಇದ್ದದ್ದು 149. ಜನ ಇಷ್ಟು ಜಾಸ್ತಿ ಇದ್ದಾಗ ಅಷ್ಟು ಸಣ್ಣ ವ್ಯತ್ಯಾಸವೂ ಸಿಗ್ನಿಫಿಕೆಂಟ್ ಆಗುತ್ತದೆ. ಅದೇ ಗುಂಪಿಗೆ ಹತ್ತೇ ಜನ ಇದ್ದರೆ, 10 ಮಿಲಿಮೀಟರ್ ಇಳಿದರೂ ಪರೀಕ್ಷೆಯಲ್ಲಿ ಪಾಸಾಗದೇ ಹೋಗಬಹುದು. ಆಗ ‘ಪರಿಣಾಮವೇ ಇಲ್ಲ’ ಅಂತ ಬರೆದುಬಿಡುತ್ತಾರೆ. ಅದೂ ತಪ್ಪು. ಸಾಕ್ಷಿ ಸಾಲದು ಅನ್ನೋದೇ ಬೇರೆ, ಪರಿಣಾಮ ಇಲ್ಲ ಅನ್ನೋದೇ ಬೇರೆ.

ಇದು ನನ್ನೊಬ್ಬನ ತಕರಾರಲ್ಲ. 2016ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘವೇ ಈ ಬಗ್ಗೆ ಎಚ್ಚರಿಸಿತು. 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ 800ಕ್ಕೂ ಹೆಚ್ಚು ವಿಜ್ಞಾನಿಗಳು ಈ ಗೆರೆ ಎಳೆಯುವ ಪದ್ಧತಿಯನ್ನೇ ಬಿಡಿ ಅಂದರು. ಆದರೂ ಸುದ್ದಿಗಳಲ್ಲಿ ಹಳೇ ಚಾಳಿಯೇ ನಡೆದಿದೆ.

ಸುದ್ದಿ ಬರೆಯುವವರನ್ನು ಕೈಮುಗಿದು ಕೇಳುತ್ತೇನೆ. ‘ಗಮನಾರ್ಹ’ ಅಂತ ಬರೆಯುವ ಮುಂಚೆ ಎಷ್ಟು ಇಳಿಯಿತು, ಎಷ್ಟು ಜನರಲ್ಲಿ, ಅಂಕಿ ಹಾಕಿ. ಕಾಯಿಲೆಯವರ ಮನೆಯಲ್ಲಿ ಆ ಒಂದು ಪದ ನಂಬಿ ಔಷಧಿಗೆ ದುಡ್ಡು ಹೊಂದಿಸುತ್ತಾರೆ. 150 ಇದ್ದದ್ದು 149 ಆಗುತ್ತದೆ ಅಂತ ಅವರಿಗೆ ಮೊದಲೇ ಗೊತ್ತಾಗಬೇಕು.