ಅರ್ಧ ದಿನದ ಗೈಡ್, ಅರ್ಧ ಗಂಟೆಯ ಗೈಡ್

ಲಂಡನ್ನಿನಲ್ಲಿ ನೆಲೆಸಿ ಹದಿನಾಲ್ಕು ವರ್ಷವಾದರೂ ಈ ಊರಿನ ಹಳೆಯ ಭಾಗವನ್ನು, ಎಂದರೆ ಇಲ್ಲಿಯವರು ‘ಸಿಟಿ’ ಎಂದಷ್ಟೇ ಕರೆಯುವ ಒಂದು ಚದರ ಮೈಲಿಯಷ್ಟು ಜಾಗವನ್ನು, ನಾನು ಸರಿಯಾಗಿ ನೋಡಿದ್ದು ಪಾಂಡವಪುರದಿಂದ ನಮ್ಮ ತಂದೆಯವರು ಬಂದಾಗ. ಅದಕ್ಕೂ ಮೊದಲು, ಊರಿಂದ ಬಂದ ನೆಂಟರನ್ನು ಮಹಡಿ ತೆರೆದ ಬಸ್ಸಿನಲ್ಲಿ ಕೂರಿಸಿದ್ದೆ, ಫೋನಿನಲ್ಲಿ ವಿವರಣೆ ಕೇಳುತ್ತ ಅಲೆದಿದ್ದೆ, ಮೂವತ್ತು ಜನರ ಗುಂಪಿನ ಹಿಂದೆಯೂ ನಡೆದಿದ್ದೆ. ಯಾವುದೂ ತಪ್ಪಲ್ಲ. ಆದರೆ ಬಸ್ಸು ತಾನು ಹೋಗಬಲ್ಲ ರಸ್ತೆಯನ್ನಷ್ಟೇ ತೋರಿಸುತ್ತದೆ, ಸಿಟಿಯ ಜೀವವಿರುವುದು ಬಸ್ಸು ನುಗ್ಗಲಾರದ ಓಣಿಗಳಲ್ಲಿ. ಫೋನು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ, ಆದರೆ ಏನನ್ನು ಕೇಳಬೇಕೆಂಬುದು ನಮಗೆ ಮೊದಲೇ ಗೊತ್ತಿರಬೇಕು. ದೊಡ್ಡ ಗುಂಪಿನ ಮುಂದೆ ನಿಂತ ಗೈಡ್ ಎಷ್ಟೇ ತಿಳಿದವರಾದರೂ ಕೊನೆಯ ಸಾಲಿನವರಿಗೂ ಕೇಳಿಸುವಂತೆ ಕೂಗಿ ಹೇಳಬೇಕಾಗುತ್ತದೆ, ಕೂಗಿ ಹೇಳಬಹುದಾದ ಸಂಗತಿಗಳನ್ನೇ ಆರಿಸಿಕೊಳ್ಳಬೇಕಾಗುತ್ತದೆ.

ತಂದೆಯವರು ನಿವೃತ್ತ ಹೈಸ್ಕೂಲು ಮೇಷ್ಟ್ರು. ಅವರಿಗಾಗಿ ಒಬ್ಬ ಗೈಡನ್ನು ನಮ್ಮ ಮನೆಯ ನಾಲ್ವರಿಗೆಂದೇ ಗೊತ್ತುಮಾಡಿದೆ. ಬ್ರಿಟನ್ನಿನಲ್ಲಿ ಗೈಡ್ ಆಗಲು ಪರವಾನಗಿ ಬೇಕೆಂಬ ಕಾನೂನಿಲ್ಲ, ಯಾರು ಬೇಕಾದರೂ ಊರು ತೋರಿಸಬಹುದು. ಆದರೂ ‘ಬ್ಲೂ ಬ್ಯಾಡ್ಜ್’ ಎಂಬುದೊಂದಿದೆ. ಲಂಡನ್ನಿನ ಮಟ್ಟಿಗೆ ಅದನ್ನು ಪಡೆಯಲು ಹೆಚ್ಚುಕಡಿಮೆ ಎರಡು ವರ್ಷ ಓದಿ, ಬರೆದು, ಪರೀಕ್ಷಕರ ಎದುರು ನಿಂತು ಮಾತನಾಡಿ ತೇರ್ಗಡೆಯಾಗಬೇಕು. ನಮಗೆ ಸಿಕ್ಕಿದವರು ಅಂಥ ಬ್ಯಾಡ್ಜ್ ಧರಿಸಿದ, ಅರವತ್ತು ದಾಟಿದ ಮಹಿಳೆ. ಅವರ ಸಂಭಾವನೆ ತಲೆಗಿಷ್ಟು ಎಂದಲ್ಲ, ಅರ್ಧ ದಿನಕ್ಕಿಷ್ಟು ಎಂದು. ಈ ಲೆಕ್ಕದ ಮಹತ್ವ ನನಗೆ ಅರ್ಥವಾದದ್ದು ಬಹಳ ತಡವಾಗಿ, ಅದೂ ಶ್ರೀರಂಗಪಟ್ಟಣದಲ್ಲಿ.

ಟವರ್ ಹಿಲ್ ನಿಲ್ದಾಣದ ಪಕ್ಕದಲ್ಲಿ ರೋಮನ್ನರ ಕಾಲದ ಕೋಟೆಗೋಡೆಯ ಒಂದು ತುಂಡು ನಿಂತಿದೆ. ಅದರ ಮುಂದೆ ನಾನು ನೂರಾರು ಸಲ ನಡೆದಿದ್ದೇನೆ. ಆಕೆ ನಮ್ಮನ್ನು ಗೋಡೆಯ ಹತ್ತಿರಕ್ಕೆ ಕರೆದೊಯ್ದು, ಕಲ್ಲಿನ ನಡುವೆ ಕೆಂಪು ಹೆಂಚಿನ ಪಟ್ಟಿಗಳು ಎಲ್ಲಿಯವರೆಗೆ ಇವೆ ನೋಡಿ, ಅಲ್ಲಿಗೆ ರೋಮನ್ನರು ಮುಗಿದರು, ಅದರ ಮೇಲಿನದು ಮಧ್ಯಯುಗದವರು ಏರಿಸಿದ್ದು ಎಂದರು. ಇಷ್ಟು ಹೇಳಿ ಸುಮ್ಮನಾದರು. ತಂದೆಯವರು ಗೋಡೆಯ ಮೇಲೆ ಕೈಯಿಟ್ಟು ಆ ಸೇರುವೆಯನ್ನು ತಾವೇ ಹುಡುಕಿಕೊಂಡರು. ಒಳ್ಳೆಯ ಗೈಡಿನ ಲಕ್ಷಣ ಅಲ್ಲೇ ಕಂಡಿತು: ನೋಡುವ ಕೆಲಸವನ್ನು ಆಕೆ ನಮ್ಮ ಪರವಾಗಿ ಮಾಡಲಿಲ್ಲ.

ಅಲ್ಲಿಂದ ಮುಂದೆ 1666ರ ಬೆಂಕಿಯ ಕಥೆ. ಸೆಪ್ಟೆಂಬರ್ 2ರಂದು ಪುಡಿಂಗ್ ಲೇನಿನ ಬೇಕರಿಯೊಂದರಲ್ಲಿ ಹೊತ್ತಿದ ಕಿಚ್ಚು ಸಿಟಿಯ ಬಹುಪಾಲನ್ನು ಸುಟ್ಟಿತು, ಆಮೇಲೆ ಕ್ರಿಸ್ಟೋಫರ್ ರೆನ್ ಸೇಂಟ್ ಪಾಲ್ಸ್ ಕೆಥೆಡ್ರಲನ್ನೂ ಐವತ್ತಕ್ಕೂ ಹೆಚ್ಚು ಚರ್ಚುಗಳನ್ನೂ ಮತ್ತೆ ಕಟ್ಟಿಸಿದರು. ಇದು ಎಲ್ಲರೂ ಹೇಳುವ ಕಥೆ, ಆಕೆಯೂ ಚೆನ್ನಾಗಿಯೇ ಹೇಳಿದರು. ಆದರೆ ಆ ದಿನ ನಿಜವಾಗಿ ಶುರುವಾದದ್ದು ತಂದೆಯವರು ನನ್ನ ಕಡೆ ತಿರುಗಿ, “ನಮ್ಮ ಪಟ್ಟಣದಿಂದ ಹೊತ್ತುಕೊಂಡು ಬಂದ ಸಾಮಾನನ್ನ ಇಲ್ಲಿ ಎಲ್ಲಿ ಇಳಿಸಿದ್ರಂತೆ, ಕೇಳಪ್ಪ” ಎಂದಾಗ.

ಪಾಂಡವಪುರದವರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ನಮ್ಮ ಊರಿಗೆ ಬಹಳ ಕಾಲ ‘ಫ್ರೆಂಚ್ ರಾಕ್ಸ್’ ಎಂಬ ಹೆಸರಿತ್ತು. 1799ರ ಮೇ 4ರಂದು ಪಕ್ಕದ ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಅರಮನೆ ಲೂಟಿಯಾದ ಕಥೆಯನ್ನು ತಂದೆಯವರು ಮೂವತ್ತು ವರ್ಷ ಪಾಠ ಮಾಡಿದವರು. ಪ್ರಶ್ನೆಯನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಅರೆಗಳಿಗೆ ಯೋಚಿಸಿ, ಹಾಗಾದರೆ ನಾವು ಎಡಕ್ಕೆ ತಿರುಗೋಣ ಎಂದು ಹಾಕಿಕೊಂಡಿದ್ದ ದಾರಿಯನ್ನೇ ಬಿಟ್ಟರು.

ಲೀಡನ್‌ಹಾಲ್ ಬೀದಿಯಲ್ಲಿ, ಕೊಳವೆಗಳನ್ನೂ ಮೆಟ್ಟಿಲುಗಳನ್ನೂ ಹೊರಮೈಗೇ ತೊಟ್ಟುಕೊಂಡಿರುವ ಲಾಯ್ಡ್ಸ್ ವಿಮಾ ಸಂಸ್ಥೆಯ 1986ರ ಕಟ್ಟಡದ ಎದುರು ನಿಲ್ಲಿಸಿ, ಈಸ್ಟ್ ಇಂಡಿಯಾ ಕಂಪನಿಯ ಪ್ರಧಾನ ಕಚೇರಿ ಇದ್ದದ್ದು ಇದೇ ಜಾಗದಲ್ಲಿ ಎಂದರು. ಅದನ್ನು 1860ರ ದಶಕದ ಮೊದಲಲ್ಲೇ ಕೆಡವಿಬಿಟ್ಟರಂತೆ. ಯುರೋಪಿಯನ್ ಸೈನಿಕನ ಮೇಲೆ ಎರಗಿದ, ಟಿಪ್ಪುವಿನ ಮರದ ಹುಲಿ ಇಂದು ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ, ಅದು ಎಲ್ಲರಿಗೂ ಗೊತ್ತು. ಆದರೆ 1808ರಿಂದ ಅದನ್ನು ಜನರಿಗೆ ತೋರಿಸಲು ಇಟ್ಟಿದ್ದದ್ದು ಈ ಬೀದಿಯಲ್ಲಿ. ಬಂದವರೆಲ್ಲ ಹಿಡಿಕೆ ತಿರುಗಿಸಿ ಅದರ ಗರ್ಜನೆಯನ್ನೂ ಸೈನಿಕನ ನರಳಾಟವನ್ನೂ ಕೇಳುತ್ತಿದ್ದುದರಿಂದ, ಅಲ್ಲಿನ ಗ್ರಂಥಾಲಯದಲ್ಲಿ ಓದಲು ಕುಳಿತವರು ಬೇಸತ್ತುಹೋಗಿದ್ದರಂತೆ. ಬಳಿಕ ಕಟ್ಲರ್ ಬೀದಿಯ ಕಡೆಗೆ ಕರೆದೊಯ್ದು ಕಂಪನಿಯ ಗೋದಾಮುಗಳನ್ನು ತೋರಿಸಿದರು. ಅವು ಈಗಲೂ ನಿಂತಿವೆ, ಕಚೇರಿ, ಹೋಟೆಲುಗಳಾಗಿವೆ. ಆ ಇಟ್ಟಿಗೆಯ ಎತ್ತರದ ಗೋಡೆಗಳ ನಡುವೆ ತಂದೆಯವರು ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದರು.

ಕೊನೆಗೆ ಸೇಂಟ್ ಪಾಲ್ಸ್. ನೆಲಮಾಳಿಗೆಯಲ್ಲಿ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಅವರ ಸಮಾಧಿ. ವಾಟರ್ಲೂ ಗೆದ್ದವರೆಂದು ಇಲ್ಲಿ ಕರೆಸಿಕೊಳ್ಳುವ ಈ ವ್ಯಕ್ತಿಯೇ ನಮಗೆ ಆರ್ಥರ್ ವೆಲ್ಲೆಸ್ಲಿ, ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡು ದರಿಯಾ ದೌಲತ್‌ನಲ್ಲಿ ವಾಸವಾಗಿದ್ದವರು. ಮೇಲೆ, ಅದೇ ಕೆಥೆಡ್ರಲಿನಲ್ಲಿ, 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಕಾರ್ನ್‌ವಾಲಿಸ್‌ನ ಸ್ಮಾರಕ. ತಂದೆಯವರು ಕೇಳದಿದ್ದರೆ ಇವೆರಡನ್ನೂ ಆಕೆ ನಮಗೆ ಬೇರೆಯೇ ರೀತಿಯಲ್ಲಿ ತೋರಿಸುತ್ತಿದ್ದರು, ಬಹುಶಃ ಕಾರ್ನ್‌ವಾಲಿಸ್ ಮುಂದೆ ನಿಲ್ಲುತ್ತಲೂ ಇರಲಿಲ್ಲ. ಲಂಡನ್ ತಾನು ಕಳೆದುಕೊಂಡದ್ದನ್ನು, 1666ರ ಬೆಂಕಿಯನ್ನು, 1940ರ ಡಿಸೆಂಬರ್ 29ರ ರಾತ್ರಿಯ ಬಾಂಬು ದಾಳಿಯನ್ನು, ಬೀದಿಬೀದಿಯಲ್ಲೂ ಹೇಳಿಕೊಳ್ಳುತ್ತದೆ. ತಾನು ಹೊತ್ತು ತಂದದ್ದನ್ನು ಕೇಳಿದವರಿಗೆ ಮಾತ್ರ ಹೇಳುತ್ತದೆ. ಜೊತೆಗೊಬ್ಬ ಗೈಡ್ ಇರಬೇಕೆನ್ನುವುದು ಈ ಕಾರಣಕ್ಕೆ. ಮಾಹಿತಿಗಾಗಿ ಅಲ್ಲ, ಪ್ರಶ್ನೆಗೆ ತಕ್ಕಂತೆ ದಾರಿ ಬದಲಿಸಬಲ್ಲ ಮನುಷ್ಯರೊಬ್ಬರು ಪಕ್ಕದಲ್ಲಿರಲಿ ಎಂದು.

ಬೀಳ್ಕೊಡುವಾಗ ತಂದೆಯವರು, ಆ ಹುಲಿ ಯಾವ ಹಡಗಿನಲ್ಲಿ ಬಂತು ಎಂದು ಕೇಳಿದರು. ತನಗೆ ಗೊತ್ತಿಲ್ಲವೆಂದು ಆಕೆ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಮೂರು ದಿನಗಳ ನಂತರ ಇಮೇಲ್ ಬಂತು: 1800ರಲ್ಲಿ ಲಂಡನ್ನಿಗೆ ಬಂದದ್ದಷ್ಟೇ ಖಚಿತ, ಹಡಗಿನ ಹೆಸರು ತನಗೆ ಸಿಗಲಿಲ್ಲ, ಕ್ಷಮಿಸಿ ಎಂದು.

ಡಿಸೆಂಬರಿನಲ್ಲಿ ಊರಿಗೆ ಹೋದಾಗ ಇದೇ ಕ್ರಮದಲ್ಲಿ ಶ್ರೀರಂಗಪಟ್ಟಣವನ್ನು ನೋಡಬೇಕೆಂದು ತಂದೆಯವರೇ ಹೇಳಿದರು. ದರಿಯಾ ದೌಲತ್ ಬಾಗಿಲಲ್ಲಿ ಒಬ್ಬ ಗೈಡ್ ಸಿಕ್ಕರು, ನಲವತ್ತರ ಆಸುಪಾಸಿನವರು, ಅದೇ ಊರಿನವರು. 1784ರಲ್ಲಿ ಕಟ್ಟಿದ ಆ ಅರಮನೆಯ ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆಯಷ್ಟೆ. ಸಿಡಿದ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೈಲಿ, ಸುತ್ತ ಮುತ್ತಿದ ಕುದುರೆಗಳು, ಒಂದೊಂದನ್ನೂ ಬೆರಳಿಟ್ಟು ಹೇಳಿದರು. ಚೆನ್ನಾಗಿ ಹೇಳಿದರು. ಆದರೆ ಎಲ್ಲಿಯೂ ಉಸಿರು ತೆಗೆದುಕೊಳ್ಳಲಿಲ್ಲ. ಅರ್ಧ ಗಂಟೆಯೊಳಗೆ ಮುಗಿಸಿ ಬಾಗಿಲ ಕಡೆ ನೋಡತೊಡಗಿದರು.

ಇಡೀ ದಿನ ನಮ್ಮ ಜೊತೆ ಇರುತ್ತೀರಾ ಎಂದು ಕೇಳಿದೆ. ಅವರಿಗೆ ಗಲಿಬಿಲಿಯಾಯಿತು. “ಇಡೀ ದಿನಕ್ಕೆ ಎಷ್ಟು ಅಂತ ಹೇಳ್ಲಿ ಸಾರ್? ಯಾರೂ ಹಂಗೆ ಕೇಳಿಲ್ವಲ್ಲ. ಎಲ್ರುದೂ ಗಾಡಿ ನಿಂತಿರ್ತದೆ, ಬೃಂದಾವನಕ್ಕೆ ಹೊತ್ತಾಯ್ತು ಅಂತಾರೆ.”

ಆ ಮಾತು ನನ್ನನ್ನು ನಾಚಿಸಿತು. ನಾನೂ ನನ್ನ ಲಂಡನ್ ಗೆಳೆಯರನ್ನು ಮೃಗಾಲಯ, ಅರಮನೆ, ಶ್ರೀರಂಗಪಟ್ಟಣ, ಬೃಂದಾವನ ಎಂದು ಒಂದೇ ದಿನದಲ್ಲಿ ಓಡಿಸಿದವನೇ. ನಮ್ಮ ಗೈಡುಗಳು ಉತ್ಪ್ರೇಕ್ಷೆ ಮಾಡುತ್ತಾರೆ, ಸುರಂಗ, ನಿಧಿ ಎಂದು ಕಥೆ ಕಟ್ಟುತ್ತಾರೆ ಎಂದು ದೂರುವವರು ಬಹಳ. ಸುತ್ತಿಗಿಷ್ಟು ಎಂದು ಹಣ ಸಿಗುವ ಕಡೆ ಎಷ್ಟು ಸುತ್ತು ಹಾಕಿದರೆ ಅಷ್ಟು ಕೂಲಿ. ಹೊರಡುವ ಅವಸರದಲ್ಲಿರುವವರನ್ನು ಹಿಡಿದು ನಿಲ್ಲಿಸಲು ಸುರಂಗದ ಕಥೆಯಷ್ಟು ಸುಲಭವಾದದ್ದು ಬೇರಿಲ್ಲ. ಅರ್ಧ ದಿನದ ಸಂಭಾವನೆ ಲಂಡನ್ನಿನ ಆ ಮಹಿಳೆಗೆ ಸುಮ್ಮನಿರುವ, ದಾರಿ ತಪ್ಪುವ, ಗೊತ್ತಿಲ್ಲ ಎನ್ನುವ ಸ್ವಾತಂತ್ರ್ಯವನ್ನು ಕೊಟ್ಟಿತ್ತು. ನಮ್ಮವರಿಗೆ ನಾವು ಅದನ್ನು ಕೊಟ್ಟೇ ಇಲ್ಲ. ಪ್ರವಾಸೋದ್ಯಮ ಇಲಾಖೆ ತರಬೇತಿ ಕೊಡಲಿ, ಗುರುತಿನ ಚೀಟಿಯನ್ನೂ ಕೊಡಲಿ, ಅದರೊಂದಿಗೆ ಅರ್ಧ ದಿನದ ದರವನ್ನು ಬಾಗಿಲಲ್ಲೇ ಬರೆದು ಹಾಕಲಿ. ಬರುವ ನಾವು ಆ ಅರ್ಧ ದಿನವನ್ನು ಮನೆಯಿಂದ ಹೊರಡುವಾಗಲೇ ಎತ್ತಿಡಬೇಕು.

ಒಂದು ಮೊತ್ತಕ್ಕೆ ಒಪ್ಪಿಕೊಂಡ ಮೇಲೆ ಅವರ ನಡಿಗೆಯೇ ಬದಲಾಯಿತು. ಟಿಪ್ಪುವಿನ ಶಸ್ತ್ರಾಗಾರವೊಂದು ಜೋಡಿ ರೈಲುಹಳಿಗೆ ಅಡ್ಡವಾಗಿದ್ದಾಗ ಅದನ್ನು 2017ರಲ್ಲಿ ಇಡಿಯಾಗಿ ಎತ್ತಿ ಸರಿಸಿದ ಜಾಗಕ್ಕೆ ಕರೆದೊಯ್ದು, ಆಗ ತಾನು ದಿನಾ ಬಂದು ನೋಡುತ್ತಿದ್ದುದನ್ನು ಹೇಳಿದರು. ಬ್ರಿಟಿಷ್ ಸೇನೆಯಲ್ಲಿದ್ದ ಸ್ವಿಸ್ ಪಡೆಯವರ ಗೋರಿಗಳಿರುವ ಸ್ಮಶಾನಕ್ಕೆ ಹೋದೆವು. ನೆಲಗಟ್ಟು ಮಾತ್ರ ಉಳಿದಿರುವ ಲಾಲ್ ಮಹಲ್ ಅರಮನೆಯ ಹುಲ್ಲಿನಲ್ಲಿ ನಿಂತು, ಇದರ ಮರಮುಟ್ಟು ಎಲ್ಲಿಗೆ ಹೋಯಿತು ಗೊತ್ತೇ ಎಂದು ಅವರೇ ನಮ್ಮನ್ನು ಕೇಳಿದರು. ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ತೊಲೆಗಳಾಗಿವೆ! ಮೂವತ್ತು ವರ್ಷ ಪಾಠ ಮಾಡಿದ ತಂದೆಯವರಿಗೆ ಅದು ಹೊಸ ವಿಷಯ.

ಮರದ ಹುಲಿ ಕೋಟೆ ಬಿದ್ದಾಗ ಸಿಕ್ಕಿದ್ದು ಅರಮನೆಯ ಸಂಗೀತ ವಾದ್ಯಗಳ ಕೋಣೆಯಲ್ಲಿ. ಈ ನೆಲಗಟ್ಟಿನಲ್ಲಿ ಆ ಕೋಣೆ ಯಾವ ಮೂಲೆಗೆ ಇತ್ತು ಎಂದು ತಂದೆಯವರು ಕೇಳಿದರು. ಗೈಡ್ ಸುತ್ತಲೂ ನೋಡಿ, ಕೇಳಿ ಹೇಳುತ್ತೇನೆ ಎಂದರು. ರಾತ್ರಿ ನಾವು ಊಟಕ್ಕೆ ಕೂತಿದ್ದಾಗ ಅವರ ಫೋನು ಬಂತು.

“ಇಬ್ರು ಹಿರೀಕರನ್ನ ಕೇಳ್ದೆ ಮೇಷ್ಟ್ರೇ. ಒಬ್ರು ಒಂದ್ ಕಡೆ ತೋರ್ಸುದ್ರು, ಇನ್ನೊಬ್ರು ಇನ್ನೊಂದ್ ಕಡೆ. ಅದ್ಕೇ ನಾನು ಯಾವ್ದೂ ಹೇಳಕ್ಕೋಗಲ್ಲ, ಗೊತ್ತಾದ್ ದಿನ ನಿಮ್ಗೇ ಮೊದ್ಲು ಹೇಳ್ತೀನಿ.”