ಸತ್ತಿದ್ದ ಕಪ್ಪೆ ಕೋರ್ಟಿಗೆ ಹೋದದ್ದು

ಪಟ್ಟಿಯಲ್ಲಿ ಸತ್ತವರು ಸುಮ್ನೆ ಸತ್ತಿರಬೇಕು. ಎದ್ದು ಬಂದರೆ ಎಷ್ಟು ಜನರ ಕೆಲಸ ಕೆಡುತ್ತದೆ ಅಂತ ಇಕ್ವೆಡಾರಿನ ಇಂಟಾಗ್ ಕಣಿವೆಯ ಈ ಕಪ್ಪೆಗೆ ಗೊತ್ತಿರಲಿಲ್ಲ.

ಹೆಸರು ಉದ್ದ ಮೂಗಿನ ಹಾರ್ಲೆಕ್ವಿನ್ ಕಪ್ಪೆ. ಕಂದು ಮೈ, ಮೇಲೆ ಹಳದಿ ಚುಕ್ಕೆ. ಕಪ್ಪೆಯಾಗಿ ಹುಟ್ಟಿಯೂ ನೆಗೆಯುವುದು ಕಮ್ಮಿ. ಒಂದೊಂದೇ ಕಾಲು ಎತ್ತಿಟ್ಟು ನಡೆಯುತ್ತದೆ, ಥೇಟ್ ಸರ್ಕಾರಿ ಫೈಲಿನ ಹಾಗೆ. 1989ರ ನಂತರ ಯಾರ ಕಣ್ಣಿಗೂ ಬೀಳಲಿಲ್ಲ. ಅಳಿದುಹೋಯಿತು ಅಂತ ಬರೆದು ಎಲ್ಲರೂ ಕೈ ತೊಳೆದುಕೊಂಡರು. 2016ರಲ್ಲಿ ಜುನಿನ್ ಊರಿನ ಹತ್ತಿರ, ಮೋಡ ಕವಿದ ಕಾಡಿನಲ್ಲಿ, ನಾಲ್ಕು ಸಿಕ್ಕವು.

ಖುಷಿಪಡಬೇಕಾದ ಸುದ್ದಿ ಅಲ್ವಾ? ಆದರೆ ಆ ಗುಡ್ಡದ ಹೊಟ್ಟೆಯಲ್ಲಿ ತಾಮ್ರವಿತ್ತು. ಇಕ್ವೆಡಾರಿನ ಎನಾಮಿ, ಚಿಲಿಯ ಕೊಡೆಲ್ಕೊ, ಎರಡೂ ಸರ್ಕಾರಿ ಗಣಿ ಕಂಪನಿಗಳು, ಆಗಲೇ ಅಲ್ಲಿ ನೆಲ ಕೊರೆಯುತ್ತಿದ್ದವು. ಪರಿಸರ ಪರವಾನಗಿ 2014ರಲ್ಲೇ ಸಿಕ್ಕಿತ್ತು. ಆ ತಾಮ್ರ ಯಾಕೆ ಬೇಕು ಗೊತ್ತಾ? ಕರೆಂಟಿನ ಕಾರಿಗೆ, ಗಾಳಿಯಂತ್ರಕ್ಕೆ. ಪ್ರಕೃತಿಯನ್ನು ಉಳಿಸಲಿಕ್ಕೆ! ಅದಕ್ಕೆ ಮೊದಲು ಸ್ವಲ್ಪ ಪ್ರಕೃತಿ ಜಾಗ ಖಾಲಿ ಮಾಡಬೇಕು, ಅಷ್ಟೇ.

ತಮಾಷೆ ಅಂದರೆ ಇದು ಪ್ರಕೃತಿಗೇ ಹಕ್ಕು ಕೊಟ್ಟ ದೇಶ. 2008ರ ಸಂವಿಧಾನದಲ್ಲಿ, ಪ್ರಪಂಚದಲ್ಲೇ ಮೊದಲು. ಜೀವಜಾತಿ ಅಳಿಯುವಂಥ ಕೆಲಸಕ್ಕೆ ಸರ್ಕಾರವೇ ಕಡಿವಾಣ ಹಾಕಬೇಕು ಅಂತ ಅದರ 73ನೇ ವಿಧಿ ಹೇಳುತ್ತದೆ. ಬರೆದದ್ದೂ ಸರ್ಕಾರ, ಕೊರೆದದ್ದೂ ಸರ್ಕಾರ. ಬಲಗೈ ಸಹಿ ಹಾಕುವಾಗ ಎಡಗೈಯಲ್ಲಿ ಡ್ರಿಲ್ಲು ಇತ್ತು.

ಕಪ್ಪೆ ತೂಗುವುದು ಕಷ್ಟ ಅಂತಾರೆ. ಒಂದನ್ನು ಹಾಕಿದರೆ ಇನ್ನೊಂದು ನೆಗೆಯುತ್ತದಂತೆ. ಇವು ನೆಗೆಯುವವೂ ಅಲ್ಲವಲ್ಲ, ತೂಕ ಸಲೀಸು. ಒಂದು ತಟ್ಟೆಯಲ್ಲಿ ನಾಲ್ಕು ಕಪ್ಪೆ, ಇನ್ನೊಂದರಲ್ಲಿ ಒಂದು ಗುಡ್ಡ ತಾಮ್ರ.

ಕೊನೆಗೆ ಊರಿನವರು ಕಪ್ಪೆಯ ಪರವಾಗಿ ಕೋರ್ಟಿಗೆ ಹೋದರು. ಒಂದು ಕಡೆ ಗೆದ್ದರು, ಇನ್ನೊಂದು ಕಡೆ ಸೋತರು. 2023ರ ಮಾರ್ಚಿನಲ್ಲಿ ಇಂಬಾಬುರಾ ಪ್ರಾಂತ್ಯದ ನ್ಯಾಯಾಲಯ ಪರವಾನಗಿಯನ್ನೇ ರದ್ದು ಮಾಡಿತು. ಹೆಬ್ಬೆರಳುದ್ದದ ಪ್ರಾಣಿ ಎರಡು ದೇಶಗಳ ಕಂಪನಿಗಳನ್ನು ನಿಲ್ಲಿಸಿತು. ಅದಕ್ಕೆ ಸುದ್ದಿಯೇ ಮುಟ್ಟಿರಲಿಕ್ಕಿಲ್ಲ, ಬಿಡಿ.

ಈಗ ಉಳಿದಿರುವ ಎದುರಾಳಿ ಕೈಟ್ರಿಡ್ ಶಿಲೀಂಧ್ರ. ಕಪ್ಪೆ ನೀರು ಹೀರುವುದು ಚರ್ಮದಿಂದ. ಈ ಬೂಷ್ಟು ಅಲ್ಲೇ ಕೂರುತ್ತದೆ. ಮೈಯ ಉಪ್ಪಿನಂಶ ಏರುಪೇರಾಗಿ ಕೊನೆಗೆ ಹೃದಯ ನಿಲ್ಲುತ್ತದೆ. ಮೇಲಿಂದ ಸೆಖೆ ಬೇರೆ. ಕಾಡು ಬಿಸಿಯಾದಂತೆ ಮೋಡ ಗುಡ್ಡದ ಮೇಲಕ್ಕೆ ಸರಿಯುತ್ತದೆ, ಕಪ್ಪೆಯೂ ಹಿಂದೆಯೇ ಹತ್ತಬೇಕು. ಬೂಷ್ಟಿಗೆ ವಕೀಲರಿಲ್ಲ, ಮೋಡಕ್ಕೆ ವಿಳಾಸವಿಲ್ಲ. ನೋಟಿಸು ಯಾರಿಗೆ ಕೊಡೋದು? ಕಪ್ಪೆಯಂತೂ ಹತ್ತುತ್ತಿದೆ, ಒಂದೊಂದೇ ಕಾಲು ಎತ್ತಿಟ್ಟು.